ಎಂಬತ್ತು ಗ್ರಾಮಿನ ಸ್ವಿಚ್ಚು

ಬೇಕಾದದ್ದನ್ನು ಬೇಕು ಎಂದು ನೇರವಾಗಿ ಕೇಳುವ ಧೈರ್ಯ ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ನಾನು ಆ ಪೈಕಿ. ಮದುವೆ ಊಟದಲ್ಲಿ ಇನ್ನೊಂದು ಹೋಳಿಗೆ ಬೇಕೆನಿಸಿದರೆ ಪಕ್ಕದವರ ಎಲೆ ತೋರಿಸಿ "ಅವರಿಗೆ ಹಾಕಿ" ಎನ್ನುತ್ತೇನೆ; ಬಡಿಸುವವರು ಹೇಗೂ ನನ್ನೆದುರಿಗೂ ಒಮ್ಮೆ ನಿಲ್ಲುತ್ತಾರಲ್ಲ. ಇಂಥವಳು ಹೋದ ವರ್ಷ ಒಂದು ಕೀಬೋರ್ಡು ಕೊಂಡೆ. ಅದರ ಹಿಂದಿನ ಸತ್ಯವನ್ನು ಮನೆಯವರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ನಮ್ಮದು ಉಡುಪಿ ಕಡೆ, ಆದರೆ ಇಪ್ಪತ್ತೆರಡು ವರ್ಷದಿಂದ ಮುಂಬೈ ಪಕ್ಕದ ಡೊಂಬಿವಲಿ. ವಾಶಿಯ ಇನ್ಶೂರೆನ್ಸ್ ಆಫೀಸೊಂದರಲ್ಲಿ ಕ್ಲೇಮು ಫಾರಂಗಳನ್ನು ಕಂಪ್ಯೂಟರಿಗೆ ಹತ್ತಿಸುವುದು ನನ್ನ ಕೆಲಸ. ದಿನಾ ಲೋಕಲ್ ರೈಲಿನಲ್ಲಿ ಠಾಣೆಯವರೆಗೆ ನೇತಾಡಿಕೊಂಡು ಹೋಗುವುದು, ಅಲ್ಲಿ ಇಳಿದು ಕೂದಲು, ದುಪಟ್ಟಾ, ಮರ್ಯಾದೆ ಎಲ್ಲವನ್ನೂ ಸರಿಮಾಡಿಕೊಂಡು ವಾಶಿ ಗಾಡಿ ಹತ್ತುವುದು. ಅದು ಠಾಣೆಯಿಂದಲೇ ಹೊರಡುವ ಗಾಡಿಯಾದ್ದರಿಂದ ಕೂರಲು ಸಿಗುತ್ತಿತ್ತು. ಲೇಡೀಸ್ ಡಬ್ಬಿಯ ಒಂದು ಮೂಲೆ ನಮ್ಮ ಮೂವರದು: ಬದಲಾಪುರದಿಂದ ಬರುವ ಮರಾಠಿಯ ಸುಲಭಾತಾಯಿ, ಕಲ್ಯಾಣದಲ್ಲಿರುವ ಹುಬ್ಬಳ್ಳಿಯ ಗಿರಿಜಾ, ನಾನು. ಗಿರಿಜಾಳ ಸಹವಾಸದಿಂದ ಸುಲಭಾತಾಯಿಗೂ ಕನ್ನಡದಲ್ಲಿ ನಾಲ್ಕು ಬೈಗುಳ ಬರುತ್ತಿತ್ತು. ವಾಶಿ ಬರುವಷ್ಟರಲ್ಲಿ ಸಂಜೆಯ ಬಟಾಣಿಯನ್ನೂ ಮೂವರು ಅತ್ತೆಯಂದಿರನ್ನೂ ಸುಲಿದು ಮುಗಿಸಿರುತ್ತಿದ್ದೆವು.

ಹಾಗಂತ ಆ ಪ್ರಯಾಣವನ್ನು ನಾನು ಶಪಿಸದ ದಿನವಿಲ್ಲ. ಕಂಪನಿಯವರು ಆಫೀಸನ್ನು ಚಿಕ್ಕದು ಮಾಡಿ, "ಇನ್ನು ಮನೆಯಿಂದಲೇ ಕೆಲಸ ಮಾಡಿ, ತಿಂಗಳಿಗೊಮ್ಮೆ ಬಂದರೆ ಸಾಕು" ಎಂದಾಗ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಆ ಸಂತೋಷ ಎರಡು ವಾರ ಬಾಳಿಕೆ ಬಂತು. ಮೂರನೇ ವಾರ ಒಂದು ಬೆಳಿಗ್ಗೆ, ಯಾರೂ ಕರೆಯದಿದ್ದರೂ, ಬಾಗಿಲವರೆಗೆ ಹೋಗಿ ಚಪ್ಪಲಿ ನೋಡಿ ಬಂದೆ. ನನ್ನವರು ಹೋಟೆಲಿನ ಮ್ಯಾನೇಜರು, ನಸುಕಿಗೇ ಹೋದರೆ ಬರುವುದು ಮಧ್ಯಾಹ್ನ, ಮಲಗುವುದಕ್ಕೆ. ಮಗಳು ದೀಪ್ತಿ ಠಾಣೆಯಲ್ಲಿ ಕೆಲಸಕ್ಕೆ. ಊಟದ ಮೇಜಿನ ಮೇಲೆ ನಾನು ಮತ್ತು ಆಫೀಸಿನ ಲ್ಯಾಪ್‌ಟಾಪು. ಅದರ ಕೀಗಳು ಹಪ್ಪಳದ ಹಾಗೆ ಚಪ್ಪಟೆ, ಒತ್ತಿದರೂ ಅಷ್ಟೆ, ಬಿಟ್ಟರೂ ಅಷ್ಟೆ.

"ಕೆಲಸ ಮಾಡಿದ ಹಾಗೇ ಆಗುವುದಿಲ್ಲ" ಎಂದು ಒಂದು ದಿನ ದೀಪ್ತಿಯ ಹತ್ತಿರ ಗೊಣಗಿದೆ. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಗೊಣಗಾಟ ಕೀಬೋರ್ಡಿನದೆಂದು ತಿಳಿದು ಅವಳು ಗೆಳತಿಯಿಂದ ಒಂದು ಪುಟ್ಟ ಹಲಗೆ ಎರವಲು ತಂದಳು. ಮೇಲೆ ಒಂಬತ್ತು ಬಣ್ಣದ ಸ್ವಿಚ್ಚು, ಕೀಬೋರ್ಡಿನ ಕೀಗಳ ಅಡಿಯಲ್ಲಿ ಇರುವಂಥವು. ಒಂದೊಂದನ್ನೂ ಒತ್ತಿ ನೋಡಿ ನಮಗೆ ಬೇಕಾದ ಜಾತಿ ಆರಿಸಿದರೆ ಅದನ್ನೇ ಹಾಕಿದ ಕೀಬೋರ್ಡು ತರಿಸಬಹುದಂತೆ. ಕೆಲವು ಸುಮ್ಮನೆ ಜಾರಿ ಕೆಳಗಿಳಿಯುತ್ತವೆ. ಕೆಲವಕ್ಕೆ ಅರ್ಧ ದಾರಿಯಲ್ಲಿ ಒಂದು ಸಣ್ಣ ದಿಬ್ಬ. ದಾಟಿದ್ದು ಬೆರಳಿಗೆ ತಿಳಿಯುತ್ತದೆ. ಇವಕ್ಕೆ ಟ್ಯಾಕ್ಟೈಲ್ ಎಂದು ಹೆಸರು. ಒತ್ತಲು ಬೇಕಾಗುವ ಬಲವನ್ನು ಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ. ನಾನು ಅಲ್ಲಿಯವರೆಗೆ ಗ್ರಾಂ ಲೆಕ್ಕದಲ್ಲಿ ಕೊಂಡದ್ದು ಏಲಕ್ಕಿ ಮಾತ್ರ.

ಒಂಬತ್ತನ್ನೂ ಮನೆಯಲ್ಲೇ ಒತ್ತಿ ಮುಗಿಸಬಹುದಿತ್ತು. ಆದರೆ ಇಂಥ ದೊಡ್ಡ ವಿಷಯವನ್ನು ಒಬ್ಬಳೇ ತೀರ್ಮಾನಿಸುವುದು ಸರಿಯಲ್ಲವೆಂದು ನನಗೆ ಬಲವಾಗಿ ಅನಿಸಿತು. ಮರುದಿನವೇ ಅರ್ಧ ದಿನದ ರಜೆ ಹಾಕಿ, ಹಲಗೆಯನ್ನು ಚೀಲದಲ್ಲಿಟ್ಟುಕೊಂಡು, ಹಿಂದಿನಂತೆ ಠಾಣೆಯವರೆಗೆ ನೇತಾಡಿ ವಾಶಿ ಗಾಡಿ ಹತ್ತಿದೆ.

ನನ್ನ ಜಾಗದಲ್ಲಿ ಕಿವಿಗೆ ವಯರು ಸಿಕ್ಕಿಸಿಕೊಂಡ ಹೊಸ ಹುಡುಗಿಯೊಬ್ಬಳು ಕೂತಿದ್ದಳು. ಏಳು ಎನ್ನಲು ನಾನ್ಯಾರು? ಸುಲಭಾತಾಯಿ "ಯೇ ಗ, ಬಸ್ ಇಥೇ!", ಬಾರೇ, ಇಲ್ಲಿ ಕೂರು ಎಂದು ಕೂಗಿ, ಮೂವರ ಸೀಟಿನ ತುದಿಯಲ್ಲಿ ನನಗೆ ಅಂಗೈ ಅಗಲದ ಜಾಗ ಮಾಡಿಕೊಟ್ಟರು. ಅದರ ಮೇಲೆ ಅರ್ಧ ಕೂತು, ಅರ್ಧ ನಿಂತು, ಹಲಗೆ ತೆಗೆದೆ.

"ಏನ್ರೀ ಅಕ್ಕಾರ, ಇದನ್ನ ತೋರ್ಸಾಕ ಅಷ್ಟು ದೂರದಿಂದ ಬಂದೀರೇನು?" ಎಂದಳು ಗಿರಿಜಾ.

"ಆಫೀಸಲ್ಲಿ ಸಣ್ಣ ಕೆಲಸ ಉಂಟು ಮಾರಾಯ್ತಿ" ಎಂದೆ.

ಅವಳು ಒಂದೊಂದನ್ನೇ ಒತ್ತುತ್ತ ಬಂದಳು. "ಇದು ಬೆಣ್ಣಿ. ಇದೂ ಬೆಣ್ಣಿ." ಕೊನೆಯದು ಎಂಬತ್ತು ಗ್ರಾಮಿನದು. "ಹಾಂ, ಇದು ನೋಡ್ರಿ! ಒತ್ತಿದ್ರ ಒತ್ತೇನಿ ಅಂತ ಗೊತ್ತಾಗ್ತದ." ನಲವತ್ತು ವರ್ಷ ಭಾಕ್ರಿ ರೊಟ್ಟಿ ತಟ್ಟಿದ ಸುಲಭಾತಾಯಿಯ ಬೆರಳಿಗೆ ಬೇರೆ ಎಂಟು ಸ್ವಿಚ್ಚು ಇದ್ದದ್ದೇ ತಿಳಿಯಲಿಲ್ಲ. ತುರ್ಭೆ ಬರುವಷ್ಟರಲ್ಲಿ ಹಲಗೆ ಅರ್ಧ ಡಬ್ಬಿ ಸುತ್ತಿತ್ತು. ಕಿವಿಯ ವಯರು ತೆಗೆದು ಆ ಹೊಸ ಹುಡುಗಿಯೂ ಒತ್ತಿದಳು. ಎಷ್ಟೋ ತಿಂಗಳ ಮೇಲೆ ನಾನು ಹೊಟ್ಟೆ ಹಿಡಿದು ನಕ್ಕೆ.

ವಾಶಿಯಲ್ಲಿ ಇಳಿದವರು ಮಾತಾಡುತ್ತಲೇ ಮೆಟ್ಟಿಲ ಕಡೆ ಹೋದರು. ಸುಲಭಾತಾಯಿ ತಿರುಗಿ "ಉದ್ಯಾ?" ಎಂದರು, ನಾಳೆ ಬರುತ್ತೀಯಾ ಎಂದು. ನಾನು "ಬಘೂ" ಎಂದೆ, ನೋಡೋಣ. ಗುಂಪು ಕರಗಿದ ಮೇಲೆ ಹಲಗೆ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ವಾಪಸು ಗಾಡಿಯಲ್ಲಿ ಬೇಕಾದಷ್ಟು ಸೀಟು ಖಾಲಿಯಿತ್ತು. ಎಲ್ಲಿ ಕೂರುವುದೆಂದೇ ಹೊಳೆಯಲಿಲ್ಲ.

ಎಂಬತ್ತು ಗ್ರಾಮಿನದ್ದನ್ನೇ ತರಿಸಿದೆ. "ಮಮ್ಮಿ, ಉಂಗ್ಲಿಯಾಂ ದುಖೇಂಗಿ" ಎಂದು, ಬೆರಳು ನೋಯುತ್ತದೆ ಎಂದು, ದೀಪ್ತಿ ಎಚ್ಚರಿಸಿದ್ದಳು. ನಾಲ್ಕೇ ದಿನದಲ್ಲಿ ಬೆರಳು ಊದಿಕೊಂಡವು. ಮಧ್ಯಾಹ್ನದ ನಿದ್ದೆಯಿಂದ ನನ್ನವರು ಎದ್ದು ಬಂದು, "ಎಂತದು ಮಾರಾಯ್ತಿ, ಟೈಲ್ಸ್ ಒಡೀತಿದ್ದೀಯಾ? ಇದನ್ನು ತಕ್ಕೊಂಡು ಆಫೀಸಿಗೇ ಹೋಗು" ಎಂದು ರೇಗಿದರು. ಮದುವೆಯಾದ ಮೇಲೆ ಅವರ ಬಾಯಿಂದ ಇಷ್ಟು ಒಳ್ಳೆಯ ಮಾತು ಕೇಳಿರಲಿಲ್ಲ.

ಕೂಡಲೇ ನಮ್ಮ ಆಫೀಸಿನ ಮ್ಯಾನೇಜರಿಗೆ ಮೇಲ್ ಬರೆಯಲು ಕೂತೆ. 'ನನಗೆ ದಿನಾ ಬರಬೇಕೆನಿಸುತ್ತಿದೆ' ಎಂದು ಒಂದು ಸಾಲು ಸಾಕಿತ್ತು. ಬರೆದು, ನಾಚಿಕೆಯಾಗಿ ಅಳಿಸಿದೆ. ಬದಲಿಗೆ, ಮನೆಯಲ್ಲಿ ಟೈಪ್ ಮಾಡಿ ಬೆರಳು ನೋಯುತ್ತಿರುವುದರಿಂದ ಆಫೀಸಿಗೇ ಬರಲು ಅನುಮತಿ ಬೇಕೆಂದು ಬರೆದೆ.

ಒಂದು ಗಂಟೆಯಲ್ಲಿ ಉತ್ತರ ಬಂತು. ಮ್ಯಾನೇಜರು ಒಳ್ಳೆಯ ಮನುಷ್ಯ. ನನ್ನ ನೋವು ಓದಿ ಬಹಳ ಬೇಸರಪಟ್ಟಿದ್ದರು. ಅತ್ಯಂತ ಮೃದುವಾದ ಕೀಬೋರ್ಡೊಂದನ್ನು ಕಂಪನಿಯಿಂದಲೇ ಕಳಿಸುತ್ತಿದ್ದಾರಂತೆ. ಈ ಸ್ಥಿತಿಯಲ್ಲಿ ರೈಲಿನ ನೂಕುನುಗ್ಗಲು ಬೇಡವೇ ಬೇಡ, ಮುಂದಿನ ಆರು ತಿಂಗಳು ಆ ತಿಂಗಳಿಗೊಂದು ದಿನವೂ ಬರಬೇಕಾಗಿಲ್ಲ ಎಂದು ಕೊನೆಗೆ ಸೇರಿಸಿದ್ದರು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಕೊರಿಯರಿನವನ ಫೋನು. "ಮ್ಯಾಡಮ್, ಘರ್ ಪೇ ಹೀ ಹೋ ನಾ?" ಮನೆಯಲ್ಲೇ ಇದ್ದೀರಿ ತಾನೇ ಎಂದು.

"ಹಾಂ ಭಯ್ಯಾ," ಎಂದೆ, "ಘರ್ ಪೇ ಹೀ ಹೂಂ."