ಉಪ್ಪಿನಕಾಯಿ ಕಪಾಟಿನ ಕಂಬ

ಬಾಗಿಲಲ್ಲಿ ನಿಂತ ಹೆಂಗಸನ್ನು ಆರ್ವಿಡ್ ಹಳೆಯ ಮೇಜು ಕೊಳ್ಳುವವನಂತೆ ಕಾಲಿನಿಂದ ತಲೆಯವರೆಗೆ ತೂಗಿ ನೋಡಿದ. ಅಗ್ಗದ ಬೂಟು, ಮೊಣಕಾಲಲ್ಲಿ ಸವೆದ ಪ್ಯಾಂಟು, ಕೈಯಲ್ಲಿ ಮಾತ್ರ ದುಬಾರಿ ಟಾರ್ಚು. ಬೂಟಿಗಿಂತ ಟಾರ್ಚಿಗೆ ಹೆಚ್ಚು ಸುರಿದವರ ಮುಂದೆ ಚೌಕಾಸಿ ನಡೆಯುವುದಿಲ್ಲವೆಂಬುದು ಸರೋವರದ ದಡದ ಡುಲೂತ್ ಪೇಟೆಯಲ್ಲಿ ನಲವತ್ತು ವರ್ಷ ಹಳೆಯ ಪೀಠೋಪಕರಣ ಮಾರಿದವನಿಗೆ ಗೊತ್ತಿತ್ತು. ಆದರೂ ಅಂದ:

"ಬನ್ನಿ ಡೋರೀನ್. ಹುಡುಕಿ ಹುಡುಕಿ ನೀವೇ ಸುಸ್ತಾಗ್ತೀರಿ. ಈ ಮನೇಲಿ ತಪ್ಪು ಅನ್ನೋದೇ ಇಲ್ಲ."

ಮನೆ ಕೊಳ್ಳುವವರು ಕಳಿಸಿದ ತಪಾಸಣೆಗಾರ್ತಿ ಆಕೆ. ಆಕೆಯ ವರದಿ ಸರಿಯಿದ್ದರೆ ಮಾತ್ರ ಮಾರಾಟ. ಮಾರಾಟವಾದರೆ ಮಾತ್ರ ಮಂಡಿ ಸವೆದ ಹೆಂಡತಿ ಸಿಗ್ರಿಡ್‌ಗೆ ತಂಗಿಯ ಪಕ್ಕದ, ಮೆಟ್ಟಿಲಿಲ್ಲದ ಮನೆ. ಅದಕ್ಕೆಂದೇ ಆರ್ವಿಡ್ ಆ ಬೆಳಿಗ್ಗೆ, ಸಿಗ್ರಿಡ್ ಚರ್ಚಿನ ಅಡುಗೆಮನೆಗೆ ಹೋದ ಮೇಲೆ, ನೆಲಮಾಳಿಗೆಯನ್ನು ಚೊಕ್ಕಟ ಮಾಡಿದ್ದ. ಅವಳ ಸೌತೆಕಾಯಿ ಉಪ್ಪಿನಕಾಯಿಯ ಕಪಾಟನ್ನು ಸರಿಸಿ, ಅದರ ಹಿಂದಿನಿಂದ ಅರ್ಧ ಇಣುಕಿ ಹತ್ತೊಂಬತ್ತು ವರ್ಷದಿಂದ ತನ್ನ ಹಣೆಯನ್ನೇ ಹುಡುಕಿಕೊಂಡು ಬಂದು ಬಡಿಯುತ್ತಿದ್ದ ಕಬ್ಬಿಣದ ಕಂಬದ ತಿರುಪು ಸಡಿಲಿಸಿ ಮೂಲೆಗೆ ಒಗೆದಿದ್ದ. ಜಾಗ ವಿಶಾಲವಾಗಿ ಕಂಡಿತು. ಹತ್ತು ಗಂಟೆಯ ಹೊತ್ತಿಗೆ ಮೇಲಿನ ಬಚ್ಚಲಿನ ಬಾಗಿಲು ಮುಚ್ಚದಾಯಿತು. ಸರೋವರದ ಥಂಡಿಗೆ ಮರ ಉಬ್ಬಿದೆ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ.

ಡೋರೀನ್ ಬಚ್ಚಲಿನ ನೆಲದ ಮೇಲೆ ಒಂದು ಗೋಲಿ ಇಟ್ಟಳು. ಗೋಲಿ ಯಾರ ಅಪ್ಪಣೆಗೂ ಕಾಯದೆ ಉರುಳಿ, ಕಬ್ಬಿಣದ ಸ್ನಾನದ ತೊಟ್ಟಿಯ ಕೆಳಗೆ ಸೇರಿಕೊಂಡಿತು.

"ಈ ತೊಟ್ಟಿಗೆ ಪೈಪು ಹಾಕಿದ್ದು ಯಾರು?"

"ನಾನೇ. ಪ್ಲಂಬರ್‌ಗೆ ವಾರಗಟ್ಟಲೆ ಕಾಯ್ಬೇಕಿತ್ತು. ನಾನು ಒಂದೇ ಶನಿವಾರಕ್ಕೆ ಮುಗಿಸಿದೆ."

"ಗೊತ್ತಾಗುತ್ತೆ."

ನೆಲಮಾಳಿಗೆಯಲ್ಲಿ ಟಾರ್ಚಿನ ಬೆಳಕು ಬಚ್ಚಲಿನ ನೆಲ ಹೊತ್ತ ಮೂರು ತೊಲೆಗಳ ಮೇಲೆ ನಿಂತಿತು. ಪೈಪಿಗೆ ದಾರಿ ಬಿಡಲು ಮೂರನ್ನೂ ಮುಕ್ಕಾಲು ಪಾಲು ಕೊಯ್ದು ಹಾಕಲಾಗಿತ್ತು. ಉಳಿದ ಕಾಲು ಪಾಲು ಹೊಸದಾಗಿ ಸೀಳು ಬಿಟ್ಟಿತ್ತು. ಬೆಳಕು ಮೆಲ್ಲಗೆ ಕೆಳಗಿಳಿದು, ಸಿಮೆಂಟಿನ ಮೇಲಿದ್ದ ತುಕ್ಕಿನ ಉಂಗುರವೊಂದನ್ನು ಹಿಡಿಯಿತು.

"ಇಲ್ಲೊಂದು ಕಂಬ ಇತ್ತಲ್ಲ?"

"ಅದಾ? ಕಪಾಟಿಗೆ ಆಸರೆ ಅಂತ ನಮ್ಮನೆಯವಳು..."

"ಕಪಾಟಿಗಲ್ಲ." ದನಿ ಬಂದದ್ದು ಮೆಟ್ಟಿಲ ಕಡೆಯಿಂದ.

ಚರ್ಚಿನಿಂದ ಮರಳಿದ ಸಿಗ್ರಿಡ್ ಕೋಟು ಕೂಡ ಬಿಚ್ಚದೆ ಅಲ್ಲಿ ನಿಂತಿದ್ದಳು. "ನೀನು ಪೈಪು ಹಾಕಿದ ವಾರಾನೇ ನೆಲ ನರಳೋಕೆ ಶುರುವಾಯ್ತು. ಹಾರ್ಡ್‌ವೇರ್ ಅಂಗಡಿಯವನನ್ನ ಕೇಳಿ ಕಂಬ ನಿಲ್ಲಿಸಿದೆ. ಕಪಾಟು ಆಮೇಲೆ ಬಂತು, ಕಂಬ ಯಾಕೆ ಅಂತ ನೀನು ಕೇಳ್ದೆ ಇರೋಕೆ."

"ನನಗ್ಯಾಕೆ ಹೇಳ್ಲಿಲ್ಲ?"

"ತೊಟ್ಟೀಲಿ ಕೂತು ಹಾಡ್ತಿದ್ದೆ ನೀನು. ಹೆಂಗೆ ಹೇಳ್ಲಿ ಮಾರಾಯ?"

ಡೋರೀನ್ ಬರೆಯುತ್ತಲೇ ಹೇಳಿದಳು: "ಕಂಬ ಇದ್ದಿದ್ರೆ 'ತೊಲೆ ರಿಪೇರಿ ಬೇಕು' ಅಂತ ಬರೀತಿದ್ದೆ. ಈಗ 'ಈ ಬಚ್ಚಲಿಗೆ ಯಾರೂ ಕಾಲಿಡಕೂಡದು' ಅಂತ ಬರೀಬೇಕು."

ಕೊಳ್ಳುವವರು ಸಂಜೆಗೇ ಹಿಂದೆ ಸರಿದರು. ತಂಗಿಯ ಪಕ್ಕದ ಮನೆ ಬೇರೆಯವರ ಪಾಲಾಯಿತು.

ಆರ್ವಿಡ್ ಕಂಬವನ್ನು ಅದೇ ಉಂಗುರದ ಮೇಲೆ ನಿಲ್ಲಿಸಿ ತಿರುಪು ಬಿಗಿ ಮಾಡಿದ.

"ಸಾಕು," ಎಂದಳು ಸಿಗ್ರಿಡ್. "ಇನ್ನು ವರ್ಷಕ್ಕೊಂದು ಸಲ ಕಾಲು ಸುತ್ತು ಬಿಗಿ ಮಾಡಿದ್ರಾಯ್ತು. ಮೊದಲ ಹಿಮ ಬಿದ್ದ ದಿನ."

"ಇಷ್ಟು ವರ್ಷ ನೀನೇ ತಿರುಗಿಸಿದ್ಯಾ? ಈ ಮಂಡಿ ಇಟ್ಕೊಂಡು, ಈ ಮೆಟ್ಟಿಲು ಇಳಿದು?"

"ಉಪ್ಪಿನಕಾಯಿ ತರೋಕೆ ಹೆಂಗೂ ಇಳೀತಿದ್ದೆ."

ಆರ್ವಿಡ್‌ಗೆ ಉಪ್ಪಿನಕಾಯಿ ಇಲ್ಲದೆ ಊಟ ಸೇರುತ್ತಿರಲಿಲ್ಲ. ಈಗ ಅವನು ಅವಳಿಗೆ ಮೆಟ್ಟಿಲಿಲ್ಲದ ಒಂದು ಮನೆಯ ಸಾಲಗಾರ.