ಸೈಕಲ್ಲಿನ ಸೊಂಟಕ್ಕೆ ನಾನು ಗಾಳಿ ಹಾಕಿದ್ದು

ನಿಮ್ಮಲ್ಲಿ ಯಾರ್ಯಾರು ಸೈಕಲ್ಲಿಗೆ ಗಾಳಿ ಹಾಕಿದ್ದೀರಿ? ಕೈ ಎತ್ತಿ ನೋಡೋಣ. ಓಹೋ, ಎಲ್ಲರೂ! ಟೈರಿಗಲ್ಲ ಸ್ವಾಮಿ, ಕೈ ಇಳಿಸಿ. ಸೊಂಟಕ್ಕೆ ಹಾಕಿದ್ದೀರಾ ಅಂತ ಕೇಳಿದ್ದು.

ನಾನು ಹಾಕಿದ್ದೇನೆ. ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಈ ಸಾಧನೆ ಮಾಡಿದ ಅಜ್ಜಿ ನಾನೊಬ್ಬಳೇ. ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಮೊಮ್ಮಗಳು ಸಿಂಚನ ಈಚೆಗಷ್ಟೇ ಹೇಳಿಕೊಟ್ಟಿದ್ದಾಳೆ. ಅವಳು ಈ ಕಥೆಯನ್ನು ನೆಂಟರಿಗೆಲ್ಲ ಹಂಚುವ ಮೊದಲು ನನ್ನ ಕಡೆಯ ವಾದ ಹೊರಗೆ ಬರಲಿ ಎಂದು ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದೇನೆ.

ಸಿಂಚನ ಡಿಗ್ರಿ ಓದುತ್ತಾಳೆ. ಅವಳದು ಗುಡ್ಡ ಹತ್ತಿಳಿಯುವ ಸೈಕಲ್ಲು. ಅದರ ಸೀಟಿನ ಕೆಳಗೆ ಗಿಡ್ಡನೆಯ ಕಪ್ಪು ಕೊಳವೆ ಒಂದಿದೆ. ಅದಕ್ಕೆ ಶಾಕ್ ಎನ್ನುತ್ತಾರೆ, ನನ್ನ ಲೆಕ್ಕದಲ್ಲಿ ಅದೇ ಸೈಕಲ್ಲಿನ ಸೊಂಟ. ಒಳಗೆ ಸ್ಪ್ರಿಂಗ್ ಇಲ್ಲ, ಬರೀ ಗಾಳಿ. ಚಕ್ರ ಕಲ್ಲಿನ ಮೇಲೆ ಹತ್ತಿದಾಗ ಅದು ಕುಗ್ಗಿ, ಮತ್ತೆ ಹಿಗ್ಗಿ, ಕೂತವರ ನಡು ಉಳಿಸುತ್ತದೆ. ಹೋದ ವರ್ಷ ರೇಸಿಗೆ ಮುಂಚೆ ಹಳೆಯ ಶಾಕ್ ಸೋರಿ, ರೇಸ್ ತಪ್ಪಿಹೋಗಿ, ಅವಳು ಕೋಣೆಯ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಈ ವರ್ಷ ವಿಜಯದಶಮಿಯ ಬೆಳಿಗ್ಗೆ ಕೆಂಗೇರಿ ಆಚೆಯ ಗುಡ್ಡದಲ್ಲಿ ಮತ್ತೆ ರೇಸು. "ಈ ಸಲಾನೂ ಕೈ ಕೊಟ್ರೆ ಸೈಕಲ್ ಮಾರಿಬಿಡ್ತೀನಿ ಅಜ್ಜಿ, ಸಾಕು" ಎಂದಿದ್ದಳು. ಹಾಗೆ ಹೇಳಿದಾಗ ಅವಳು ನಗುತ್ತಿರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಹೊಸ ಶಾಕ್ ಪಾರ್ಸೆಲ್ಲಿನಲ್ಲಿ ಬಂತು. ಮಗ ಸೊಸೆ ಹಬ್ಬಕ್ಕೆ ಸೊಸೆಯ ತವರಿಗೆ ಹೋಗಿದ್ದರು. ಮನೆಯಲ್ಲಿ ಉಳಿದವರು ನಾನು, ಸಿಂಚನ ಮತ್ತು ನಮ್ಮೆಜಮಾನರು. ಎಜಮಾನರಿಗೆ ಬಲ್ಬು ಬದಲಿಸುವುದೂ ಬಾರದು. ಆದ್ದರಿಂದ ಸಹಾಯಕ ಇಂಜಿನಿಯರ್ ಹುದ್ದೆ ನನಗೆ ಬಂತು. ಮಿಕ್ಸಿಯ ಬ್ಲೇಡು, ಕುಕ್ಕರಿನ ಗ್ಯಾಸ್ಕೆಟ್ಟು, ಹೊಲಿಗೆ ಮಿಷನ್ನಿನ ಬೆಲ್ಟು ಎಲ್ಲವನ್ನೂ ನಾನೇ ಬಿಚ್ಚಿ ಹಾಕುವವಳು. ಒಂದು ಸೈಕಲ್ಲು ಯಾವ ಲೆಕ್ಕ!

ಅವಳು ಬೋಲ್ಟ್ ಬಿಚ್ಚಿದಳು, ನಾನು ಹಿಂದಿನ ಚಕ್ರ ಹಿಡಿದೆ. ಹಳೆಯದು ಹೊರಗೆ, ಹೊಸದು ಒಳಗೆ. ಬೋಲ್ಟಿನ ಪಕ್ಕಕ್ಕೆ ಇಡುವ ಪುಟ್ಟ ವಾಷರ್ ನನ್ನ ವಶಕ್ಕೆ ಕೊಟ್ಟಿದ್ದಳು.

"ಅಜ್ಜಿ, ಆ ವಾಷರ್ ಎಲ್ಲಿಟ್ಟೆ?"

"ಮ್."

"ಕೆಳಗೆ ಬಿತ್ತಾ?"

"ಮ್ ಮ್!"

"ಅಜ್ಜೀ! ಮೊದ್ಲು ಉಗಿ ಅದನ್ನ!"

ಏನು ಮಾಡುವುದು, ಹೊಲಿಯುವಾಗ ಗುಂಡುಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಅಭ್ಯಾಸ.

ಆಮೇಲೆ ಗಾಳಿ. ಅದಕ್ಕೆ ಗಾಳಿಯ ಒತ್ತಡ ತೋರಿಸುವ ಮುಳ್ಳಿನ ಗಡಿಯಾರವಿರುವ ಒಂದು ಪುಟ್ಟ ಪಂಪು ಬೇರೆಯೇ ಇದೆ. ಗಾಳಿ ಹಾಕಿ, ಹೆಲ್ಮೆಟ್ಟು, ಬೂಟು, ನೀರಿನ ಚೀಲ ಎಲ್ಲ ಏರಿಸಿಕೊಂಡು ಅವಳು ಸೈಕಲ್ ಮೇಲೆ ಕೂತಳು.

"ರೇಸಲ್ಲಿ ಎಷ್ಟು ಭಾರ ಇರ್ತೀನೋ ಅಷ್ಟೇ ಇರ್ಬೇಕಜ್ಜಿ. ಶಾಕ್ ಮೇಲೆ ಈ ರಬ್ಬರ್ ಉಂಗುರ ಇದೆಯಲ್ಲ, ನಾನು ಕೂತಾಗ ಇದು ಕಾಲು ಭಾಗ ಜರುಗ್ಬೇಕು. ಜಾಸ್ತಿ ಜರುಗಿದ್ರೆ ಮೆತ್ತಗಾಯ್ತು ಅಂತ. ಜರುಗ್ಲೇ ಇಲ್ಲ ಅಂದ್ರೆ ಕಲ್ಲು."

ಇನ್ನೊಂದು ಕೆಂಪು ತಿರುಪು. ಅದರ ಒಂದು ಕಡೆ ಆಮೆಯ ಚಿತ್ರ, ಇನ್ನೊಂದು ಕಡೆ ಮೊಲದ ಚಿತ್ರ. ಕುಗ್ಗಿದ ಶಾಕ್ ಎಷ್ಟು ಬೇಗ ಎದ್ದು ನಿಲ್ಲಬೇಕು ಎಂಬುದಕ್ಕಂತೆ. ಅವಳು ಅದನ್ನು ಆಮೆಯ ಕಡೆಗೆ ತಿರುಗಿಸಿದಳು. ರೇಸಿಗೆ ಹೊರಟವಳು ಆಮೆಯನ್ನು ಆರಿಸುವುದೇ? ನನ್ನ ಭಿನ್ನಾಭಿಪ್ರಾಯವನ್ನು ಮನಸ್ಸಿನಲ್ಲಿ ದಾಖಲಿಸಿಕೊಂಡೆ.

"ಮುಗೀತು. ಇನ್ನು ಯಾರೂ ಇದನ್ನ ಮುಟ್ಬೇಡಿ" ಎಂದಳು, ನನ್ನೊಬ್ಬಳನ್ನೇ ನೋಡುತ್ತಾ.

ಮಾರನೆಯ ದಿನ ಆಯುಧಪೂಜೆ. ನಮ್ಮ ಮನೆಯಲ್ಲಿ ಆ ಇಲಾಖೆಗೆ ನಾನೇ ಮಂತ್ರಿ. ಸ್ಪ್ಯಾನರು, ಸುತ್ತಿಗೆ, ಈಳಿಗೆ ಮಣೆ, ಕತ್ತರಿ, ಸ್ಕೂಟರಿಗೆ ಗಾಳಿ ಹಾಕುವ ಪಂಪು, ಸಿಂಚನಳ ಪುಟ್ಟ ಪಂಪು, ಎಲ್ಲವನ್ನೂ ದೇವರ ಮುಂದೆ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಿದೆ. "ಪಂಪು ನಾಳೆಗೆ ಬೇಡ ಬಿಡಜ್ಜಿ, ಎಲ್ಲಾ ಸೆಟ್ ಆಗಿದೆ" ಎಂದು ಅವಳೇ ಕೊಟ್ಟಿದ್ದಳು. ಪೂಜೆಗೆ ಇಟ್ಟ ಸಾಮಾನನ್ನು ಮಾರನೆಯ ದಿನ ಮರುಪೂಜೆ ಮಾಡಿ, ಒಂದಿಷ್ಟು ಕದಲಿಸುವ ತನಕ ಯಾರೂ ಮುಟ್ಟುವಂತಿಲ್ಲ. ಅದು ನಮ್ಮತ್ತೆಯವರ ಕಾಲದ ಕಾನೂನು.

ಮೊದಲ ಅರ್ಜಿ ಎಜಮಾನರಿಂದ ಬಂತು.

"ಲೇ, ಆ ಸಣ್ಣ ಸ್ಕ್ರೂ ಡ್ರೈವರ್ ಕೊಡೇ. ಕನ್ನಡಕದ ಕಡ್ಡಿ ಕಳಚ್ಕೊಂಡಿದೆ."

"ಕುಂಕುಮ ಇಟ್ಟಾಗಿದೆ ರೀ. ಇನ್ನು ನಾಳೇನೇ."

"ಪೇಪರ್ ಓದೋದು ಹೇಗೆ?"

"ನಾಳೆ ಪೇಪರ್ ಬರಲ್ಲ, ರಜಾ. ಇವತ್ತಿಂದನ್ನ ನಾಳೆ ಓದಿ."

ಅರ್ಜಿ ವಜಾ! ಅವರು ಕನ್ನಡಕಕ್ಕೆ ದಾರ ಕಟ್ಟಿಕೊಂಡು ಕೂತರು. ಪಕ್ಕದ ಮನೆಯ ಸರೋಜಮ್ಮ ಪೂಜೆ ಮಾಡಿದ ಹೊಲಿಗೆ ಮಿಷನ್ನಿನಲ್ಲಿ ರವಿಕೆಗೆ ಒಂದೇ ಒಂದು ಹೊಲಿಗೆ ಹಾಕುತ್ತೇನೆಂದು ಹೊರಟಿದ್ದರು. ಅವರನ್ನೂ ಗದರಿಸಿ ಬಂದೆ.

ಮಧ್ಯಾಹ್ನ ಸಿಂಚನ ರೇಸಿನ ನಂಬರ್ ಪಟ್ಟಿ ತರಲು ವಿಜಯನಗರಕ್ಕೆ ಹೋದಳು. ನಾನು ಸೈಕಲ್ಲಿಗೆ ಸೇವಂತಿಗೆ ಹಾರ ಕಟ್ಟುತ್ತಿದ್ದೆ. ಶಾಕಿನ ತುದಿಯಲ್ಲಿ ಒಂದು ಪುಟ್ಟ ಕಪ್ಪು ಮುಚ್ಚಳ ಕಂಡಿತು, ಅದರ ಅಂಚಿನಲ್ಲಿ ಹಿಂದಿನ ದಿನದ ಗ್ರೀಸಿನ ಕೊಳೆ. ಹಬ್ಬದ ದಿನ ಕೊಳೆ! ಮುಚ್ಚಳ ತಿರುಗಿಸಿ ತೆಗೆದೆ. ಒಳಗೆ ಒಂದು ಸಣ್ಣ ಕಡ್ಡಿ, ಅದರ ಸುತ್ತಲೂ ಕೊಳೆ. ತಲೆಯಿಂದ ಹೇರ್‌ಪಿನ್ ತೆಗೆದು ಮೆಲ್ಲಗೆ ಕೆದಕಿದೆ.

ಪುಸ್ಸ್ಸ್!

ಕುಕ್ಕರ್ ಸದ್ದು ಮಾಡಿದರೆ ನನಗೆ ಸಮಾಧಾನ. ಒಳಗೆ ಎಲ್ಲ ಸರಿಯಾಗಿದೆ ಎಂದು ಅರ್ಥ. ಅದೇ ಧೈರ್ಯದಲ್ಲಿ ಸದ್ದು ತಾನಾಗಿ ನಿಲ್ಲುವ ತನಕ ಒತ್ತಿ ಹಿಡಿದೆ. ಆಮೇಲೆ ಸೀಟಿನ ಮೇಲೆ ಕೈ ಊರಿ ಏಳಲು ಹೋದರೆ, ಸೈಕಲ್ಲು ನನ್ನ ಜೊತೆ ಏಳಲಿಲ್ಲ. ಎಮ್ಮೆ ಕೆಸರಲ್ಲಿ ಕೂತ ಹಾಗೆ ಕೂತೇಬಿಟ್ಟಿತು!

ಕೋಣೆಯ ಬಾಗಿಲು ಹಾಕಿಕೊಂಡ ಮೊಮ್ಮಗಳು ಕಣ್ಣ ಮುಂದೆ ಬಂದಳು. ಗಾಳಿ ಬೇಕು, ತಕ್ಷಣ ಬೇಕು. ಪಂಪು ಎಲ್ಲಿದೆ? ದೇವರ ಮುಂದೆ. ಇಟ್ಟವರು ಯಾರು? ಬೇಡ ಬಿಡಿ.

ಸರೋಜಮ್ಮನ ಮನೆಗೆ ಓಡಿದೆ.

"ರೀ ಸರೋಜಮ್ಮ, ಸ್ವಲ್ಪ ಗಾಳಿ ಪಂಪು ಕೊಡ್ರೀ."

"ಅಯ್ಯೋ, ಪೂಜೆಗಿಟ್ಟಿದೀನಲ್ಲಾ! ಒಂದು ಹೊಲಿಗೆ ಹಾಕಿದ್ರೆ ವರ್ಷವೆಲ್ಲಾ ಬಟ್ಟೆ ಹರಿಯುತ್ತೆ ಅಂದವರು ನೀವೇ. ಗಾಳಿ ಹಾಕಿದ್ರೆ ಇನ್ನೇನೇನು ಹರಿಯುತ್ತೋ!"

ಮೂಲೆಯ ಪಂಕ್ಚರ್ ಅಂಗಡಿಗೆ ಸೈಕಲ್ ತಳ್ಳಿಕೊಂಡು ಹೋದೆ. ಅಂಗಡಿ ಮುಂದೆ ಒಡೆದ ಬೂದುಗುಂಬಳ, ಬಾಗಿಲಿಗೆ ಬಾಳೆಕಂದು. ಅಂಗಡಿಯ ನಾಗಣ್ಣ ಗರಿಗರಿ ಹೊಸ ಶರ್ಟು ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದ.

"ಇವತ್ತು ಒಂದು ಸ್ಪ್ಯಾನರ್ ಮುಟ್ಟಿದ್ರೂ ನಮ್ಮನೆಯವಳು ಮನೆಗೆ ಸೇರಿಸಲ್ಲ ಅಮ್ಮ. ಅಲ್ದೆ ಇದಕ್ಕೆ ನಮ್ಮ ಟೈರ್ ಗಾಳಿ ಸಾಲಲ್ಲ, ಇದರದ್ದೇ ಪಂಪಲ್ಲಿ ಹಾಕ್ಬೇಕು. ಮನೇಲಿ ಇಲ್ವಾ?"

"ಇದೆ. ಪೂಜೇಲಿದೆ."

"ಹಂಗಾದ್ರೆ ನಾಳೆ ತನಕ ತಡ್ಕೊಳಿ. ತಗೊಳಿ, ಕಡ್ಲೆಪುರಿ."

ಗಾಳಿ ಕೇಳಲು ಹೋದವಳು ಪುರಿ ಹಿಡಿದುಕೊಂಡು ಮನೆಗೆ ಬಂದೆ. ಇಡೀ ಬಸವೇಶ್ವರನಗರದಲ್ಲಿ ಅಂದು ಒಂದು ಸ್ಪ್ಯಾನರ್ ಕೂಡ ಡ್ಯೂಟಿಯಲ್ಲಿರಲಿಲ್ಲ!

ಎಜಮಾನರು ಹಾಲಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ನಾನು ಕಾಲ್ಬೆರಳ ಮೇಲೆ ದೇವರ ಮನೆಗೆ ಹೋಗಿ, ಎರಡು ಹೂವು ಏರಿಸಿ, ಊದುಬತ್ತಿ ಹಚ್ಚಿ, ತುರ್ತು ಮರುಪೂಜೆಯನ್ನು ಅವಸರವಸರವಾಗಿ ನೆರವೇರಿಸಿದೆ. ಮೂಲ ಕಾನೂನಿಗೆ ತಿದ್ದುಪಡಿ. ಪಂಪನ್ನು ಒಂದು ಬೆರಳಿನಷ್ಟು ಕದಲಿಸಿದ್ದೆ, ಅಷ್ಟರಲ್ಲಿ ಹಿಂದೆ ಕೆಮ್ಮು.

"ಏನೇ ಅದು?"

"ಕದಲಿಸ್ತಾ ಇದೀನಿ ರೀ."

"ನಾಳೆ ಅಲ್ವಾ ಕದಲ್ಸೋದು?"

"ಗಾಳಿ ಪಂಪಿಗೆ ಇವತ್ತೇ. ಅದರ ಶಾಸ್ತ್ರ ಬೇರೆ."

"ಸ್ಕ್ರೂ ಡ್ರೈವರ್ ಶಾಸ್ತ್ರ ಏನು ಹೇಳುತ್ತೆ?" ಎಂದು ಕೈ ಚಾಚಿದರು. ತೆಪ್ಪಗೆ ಅದನ್ನೂ ಕದಲಿಸಿ ಕೊಟ್ಟೆ. ಕನ್ನಡಕ ಸರಿಯಾದ ಮೇಲೆ ಅವರೂ ನನ್ನ ಪಾರ್ಟಿ ಸೇರಿದರು.

ಈಗ ಪ್ರಶ್ನೆ, ಎಷ್ಟು ಗಾಳಿ? ಸಿಂಚನ ಮುಳ್ಳನ್ನು ಎಲ್ಲಿಗೆ ನಿಲ್ಲಿಸಿದ್ದಳೋ ನಾನು ನೋಡಿರಲಿಲ್ಲ. ಸಿಂಚನ ಕಡ್ಡಿಯಂಥ ಹುಡುಗಿ. ಎಜಮಾನರೂ ಸಣಕಲು. ಹಾಗಾಗಿ ಅವರನ್ನು ಕೂರಿಸುವುದೆಂದು ತೀರ್ಮಾನವಾಯಿತು. ಅವರು ಕಾಂಪೌಂಡ್ ಗೋಡೆ ಹಿಡಿದು ಕಾಲೆತ್ತಿದರು. ಪಂಚೆ ಸೀಟಿಗೆ ಸಿಕ್ಕಿಕೊಂಡಿತು. ಒಂದು ಕಾಲು ಭೂಮಿಯ ಮೇಲೆ, ಇನ್ನೊಂದು ಎಲ್ಲಿ ಎಂದು ಅವರಿಗೇ ಗೊತ್ತಿಲ್ಲ. ಗೋಡೆಯಾಚೆಯಿಂದ ಸರೋಜಮ್ಮನ ತಲೆ ಮೇಲೆ ಬಂತು.

"ಏನ್ರೀ, ಜೋಡಿಯಾಗಿ ಎಲ್ಲಿಗೆ ಹೊರಟ್ರಿ?"

"ಎಲ್ಲೂ ಇಲ್ಲಮ್ಮ, ಇಳಿಯೋದು ಹೇಗೆ ಅಂತ ನೋಡ್ತಾ ಇದೀನಿ" ಎಂದರು ಎಜಮಾನರು.

ಅವರನ್ನು ಬಿಡಿಸಿ ಇಳಿಸಿದ ಮೇಲೆ ಉಳಿದವಳು ನಾನೇ. ಸೀರೆ ಎತ್ತಿ ಕಟ್ಟಿ ಕೂತೆ. ನಾನು ಸಿಂಚನಳ ಎರಡರಷ್ಟಿದ್ದೇನೆ. ಅವಳಿಗೆ ಉಂಗುರ ಕಾಲು ಭಾಗ ಜರುಗಬೇಕಾದರೆ ನನಗೆ ಅರ್ಧ. ಹುಳಿಗೆ ಉಪ್ಪು ಹಾಕುವ ಲೆಕ್ಕವೇ ತಾನೇ! ಎಜಮಾನರು ಪಂಪು ಒತ್ತಿದರು. ಉಂಗುರ ಸರಿಯಾಗಿ ಅರ್ಧಕ್ಕೆ ನಿಂತಿತು. ಪಂಪು ಬಿಚ್ಚಿದರೆ, ಪುಸ್!

"ಹೋಯ್ತು ಕಣ್ರೀ ಗಾಳಿ!"

ಮತ್ತೆ ಸಿಕ್ಕಿಸಿ ನೋಡಿದೆವು. ಪಂಪಿನ ಮುಳ್ಳು ನಿಜವಾಗಿಯೂ ಇಳಿದಿತ್ತು! ಇನ್ನಷ್ಟು ಹಾಕಿದೆವು. ಬಿಚ್ಚಿದರೆ ಮತ್ತೆ ಪುಸ್. ಆ ಪುಸ್ ಶಾಕಿನದಲ್ಲ, ಪಂಪಿನ ಪೈಪಿನಲ್ಲಿ ಉಳಿದ ಗಾಳಿಯದು, ಮತ್ತೆ ಸಿಕ್ಕಿಸಿದಾಗ ಮುಳ್ಳು ಇಳಿದದ್ದು ಖಾಲಿ ಪೈಪಿಗೆ ಗಾಳಿ ತುಂಬಿದ್ದಕ್ಕೆ ಎಂದು ಈಗ ತಿಳಿದಿದೆ. ಆಗ ತಿಳಿದಿರಲಿಲ್ಲ. ಪುಸ್ ಎಂದಾಗಲೆಲ್ಲ ನಷ್ಟ ತುಂಬಿಕೊಡುತ್ತಾ ಹೋದೆವು. ಕೊನೆಗೆ ಎಜಮಾನರ ತೋಳು ಸೋತಿತು. ಕೊನೆಯ ಸೇವೆಯಾಗಿ ನಾನು ಕೆಂಪು ತಿರುಪನ್ನು ಆಮೆಯಿಂದ ಬಿಡಿಸಿ ಪೂರ್ತಿ ಮೊಲದ ಕಡೆಗೆ ತಿರುಗಿಸಿದೆ. ಮೊಮ್ಮಗಳು ಗೆಲ್ಲಲಿ!

ಸಂಜೆ ಅವಳು ಬಂದಾಗ ಪಂಪು, ಸ್ಕ್ರೂ ಡ್ರೈವರು ದೇವರ ಮುಂದೆ ಪರಮ ಸಾಧುಗಳಂತೆ ಕೂತಿದ್ದವು. ಸೈಕಲ್ಲು ಹಾರದೊಳಗೆ ನಗುತ್ತಿತ್ತು. ನಾನೂ ನಗುತ್ತಿದ್ದೆ. ಬೆಳಿಗ್ಗೆ ಲಗೇಜ್ ಆಟೋದಲ್ಲಿ ಸೈಕಲ್ಲನ್ನು ಮಲಗಿಸಿ, ಪುಳಿಯೋಗರೆ ಡಬ್ಬಿ ಹಿಡಿದು ಅವಳ ಜೊತೆ ನಾನೂ ಹೊರಟೆ. ನನ್ನ ಸೇವೆಯಾದ ಮೇಲೆ ಅವಳು ಅದರ ಮೇಲೆ ಮೊದಲು ಕೂತದ್ದು ಗುಡ್ಡದ ಬುಡದಲ್ಲಿ.

ಕೂತಳು. ಉಂಗುರ ಕೂದಲೆಳೆಯಷ್ಟೂ ಜರುಗಲಿಲ್ಲ. ಮುಖ ಗಂಟಿಕ್ಕಿ ಒಂದು ಸಣ್ಣ ದಿಣ್ಣೆ ಹತ್ತಿಸಿ ಇಳಿಸಿದಳು. ಸೈಕಲ್ಲಿನ ಹಿಂಭಾಗ ಕತ್ತೆಯ ಹಾಗೆ ಒದೆಯಿತು. ನನ್ನ ಮೊಮ್ಮಗಳು ಸೀಟಿನಿಂದ ಒಂದು ಮೊಳ ಮೇಲೆ ಕಂಡಳು!

"ಅಜ್ಜೀ."

ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಸ್ವಲ್ಪ ಗಾಳಿ ಹೋಗಿತ್ತು ಪುಟ್ಟಾ, ಅದಕ್ಕೆ..."

"ತಾನಾಗೇ ಹೋಯ್ತಾ?"

"ಹೇರ್‌ಪಿನ್ನು..."

ಅವಳು ಕಲ್ಲಿನ ಮೇಲೆ ಕೂತಳು. ಕಣ್ಣು ತುಂಬಿತ್ತು. ಪಂಪು ಮನೆಯ ದೇವರ ಮುಂದೆ. ಮೈಕಿನಲ್ಲಿ ಹುಡುಗಿಯರನ್ನು ಸಾಲಿಗೆ ಕರೆಯುತ್ತಿದ್ದರು.

ನನ್ನ ನಗೆಯೆಲ್ಲ ಇಂಗಿಹೋಯಿತು. ಪುಳಿಯೋಗರೆ ಡಬ್ಬಿ ಅವಳ ಮಡಿಲಿಗೆ ಹಾಕಿ, ಸೆರಗು ಸಿಕ್ಕಿಸಿ, ಹೆಲ್ಮೆಟ್ಟುಗಳ ಆ ಸಂತೆಯೊಳಗೆ ನುಗ್ಗಿದೆ. "ಯಾರ ಹತ್ರನಾದ್ರೂ ಶಾಕಿಗೆ ಹಾಕೋ ಪಂಪಿದೆಯೇನ್ರಪ್ಪಾ? ಮೊಮ್ಮಗಳ ಸೈಕಲ್ ಕೆಡಿಸಿಟ್ಟಿದೀನಿ, ನಾನೇ ಕೆಡಿಸಿದ್ದು!" ಎಂದು ತರಕಾರಿ ಗಾಡಿಯವರ ಹಾಗೆ ಕೂಗುತ್ತಾ ನಡೆದೆ. ಮಾನ ಹೋಗುವುದಕ್ಕೆ ಪುಸ್ ಸದ್ದೂ ಇರುವುದಿಲ್ಲ ನೋಡಿ. ಕೊನೆಗೆ ಗಡ್ಡದವರೊಬ್ಬರು ಚೀಲದಿಂದ ಪಂಪು ತೆಗೆದರು.

"ಎಷ್ಟು ಪ್ರೆಶರ್ ಹಾಕಿದ್ರಿ ಅಜ್ಜಿ?"

"ನನ್ನ ಬಿಪಿಗಿಂತ ಜಾಸ್ತಿ ಕಣಪ್ಪಾ!"

ಸಿಂಚನ ಪಂಪು ಸಿಕ್ಕಿಸಿ ಗಾಳಿ ಬಿಟ್ಟಳು. ಆ ಪುಸ್ ಎಷ್ಟು ಹೊತ್ತು ಬಂತೆಂದರೆ, ಅಕ್ಕಪಕ್ಕದವರೆಲ್ಲ ಬಗ್ಗಿ ತಮ್ಮ ತಮ್ಮ ಟೈರು ಒತ್ತಿ ನೋಡಿಕೊಂಡರು. ಕೂತಳು, ಇಳಿದಳು, ಮತ್ತೆ ಕೂತಳು. ಉಂಗುರ ಕಾಲು ಭಾಗಕ್ಕೆ ಬಂತು. ಮೊಲವನ್ನು ಕಳಿಸಿ ಆಮೆಯನ್ನು ಕರೆಸಿದಳು. ಓಡಿ ಹೋಗಿ ಸಾಲಿನ ತುದಿಗೆ ಸೇರಿದಾಗ ಸೀಟಿ ಊದುವವರು ಆಗಲೇ ಕೈ ಎತ್ತಿಯಾಗಿತ್ತು.

ಗುಡ್ಡದ ಹಿಂದೆ ಅವಳು ಮರೆಯಾದ ಮೇಲೆ ನಾನು ಹಾಕಿಕೊಳ್ಳದ ಹರಕೆಯಿಲ್ಲ. ಬಂದಳು! ಮೊದಲಲ್ಲ, ಕೊನೆಯಲ್ಲೂ ಅಲ್ಲ, ನಡುವೆ ಎಲ್ಲೋ. ಹಲ್ಲಿನ ಮೇಲೂ ಕೆಸರು. ಆದರೆ ಹಲ್ಲು ಕಾಣುತ್ತಿತ್ತು ಅನ್ನುವುದೇ ಮುಖ್ಯ. "ಸೈಕಲ್ ಮಾರಲ್ಲ ಅಜ್ಜಿ" ಎಂದು ಕೆಸರಿನ ಸಮೇತ ತಬ್ಬಿಕೊಂಡಳು.

ವಾಪಸು ಬರುವಾಗ ಆಟೋದಲ್ಲಿ ಅವಳು ಎರಡು ತುತ್ತು ಪುಳಿಯೋಗರೆ ತಿಂದದ್ದೇ ತಡ, ನನಗೆ ಹಳೆಯ ಧೈರ್ಯ ಮರಳಿತು.

"ನೋಡು, ನಾನು ಹಾಕಿದ ಗಾಳೀನೇ ಇಟ್ಕೊಂಡಿದ್ರೆ ಫಸ್ಟ್ ಬರ್ತಿದ್ದೆ."

ಸಿಂಚನ ಬೆರಳು ಚೀಪುತ್ತಾ ಅಂದಳು: "ಬರ್ತಿದ್ದೆ ಕಣಜ್ಜಿ. ಆದ್ರೆ ನಾನೊಬ್ಳೇ. ಸೈಕಲ್ಲು ಆಮೇಲೆ ಬರ್ತಿತ್ತು."