ಸೆಲ್ವಂ ವಿರುದ್ಧ ನಾಲ್ಕನೇ ಗೇಟು

ನ್ಯಾಯ ಹೇಳುವ ಕೆಲಸ ನನಗೆ ಒಪ್ಪುತ್ತದೆ ಎಂಬುದರಲ್ಲಿ ನನಗೆ ಯಾವತ್ತೂ ಅನುಮಾನವಿರಲಿಲ್ಲ. ಮುಖ ಗಂಭೀರವಾಗಿದೆ, ದಪ್ಪ ಕನ್ನಡಕವಿದೆ, ಮಾತು ನಿಧಾನ. ಮನೆಯಲ್ಲಿ ಯಾರೂ ನನ್ನ ತೀರ್ಪು ಕೇಳುವುದಿಲ್ಲ ಎಂಬುದೊಂದೇ ಕೊರತೆ. ಆ ಕೊರತೆಯನ್ನು ಚೆನ್ನೈನ ಫುಟ್‌ಬಾಲ್ ನೀಗಿಸಿತು.

ನಾನು ಮಂಡ್ಯದವನು. ಕ್ರೋಂಪೇಟೆಯಲ್ಲಿ ಮನೆ, ಶೋಳಿಂಗನಲ್ಲೂರಿನಲ್ಲಿ ಆಫೀಸು. ಮನೆಗೂ ಆಫೀಸಿಗೂ ನಡುವೆ ಓಡಾಡಿಸುವ ಕ್ಯಾಬಿನಲ್ಲಿ ಎಲ್ಲರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ಈ ಊರಿನಲ್ಲಿ ನನ್ನನ್ನು ಯಾರಾದರೂ ಮುಟ್ಟಿ ಮಾತಾಡಿಸಿದ್ದರೆ ಅದು ಸ್ಟೇಡಿಯಮ್ಮಿನ ನಾಲ್ಕನೇ ಗೇಟಿನ ಮೆಟ್ಟಿಲುಗಳ ಮೇಲೆ. ನಮ್ಮ ತಂಡ ಗೋಲು ಹೊಡೆದರೆ ಹಿಂದಿನ ಸಾಲಿನವರು ಬಂದು ತಬ್ಬಿಕೊಳ್ಳುತ್ತಾರೆ, ಹೆಸರು ಕೂಡ ಕೇಳುವುದಿಲ್ಲ. ಆ ತಂಡವೆಂದರೆ ನನಗೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಮಾಡಿದ್ದನ್ನು ನೋಡಿದರೆ ನಿಮಗೆ ಹಾಗನ್ನಿಸಲಿಕ್ಕಿಲ್ಲ.

ತೊಂದರೆ ಏನೆಂದರೆ ನಮ್ಮ ತಂಡ ಗೋಲು ಹೊಡೆಯುವುದು ಅಪರೂಪ. ಸೋತಾಗ ಯಾರನ್ನಾದರೂ ಬೈಯಬೇಕಲ್ಲ? ಆಟಗಾರರು ನಮ್ಮ ಮಕ್ಕಳಿದ್ದಂತೆ. ಕೋಚ್ ವಿದೇಶಿಯವನು, ಬೈದರೂ ಅರ್ಥವಾಗುವುದಿಲ್ಲ. ಮಾಲೀಕರು ಕಣ್ಣಿಗೇ ಬೀಳುವುದಿಲ್ಲ. ಉಳಿದವರು ಪತ್ರಕರ್ತರು!

ಹೀಗೆ ಹುಟ್ಟಿದ್ದು ನಮ್ಮ ನ್ಯಾಯಸ್ಥಾನ. ಪಂದ್ಯದ ಮರುದಿನ ಪೇಪರಿನಲ್ಲಿ ಏನು ಬಂದಿದೆಯೋ ಅದರ ವಿಚಾರಣೆ ವಾಟ್ಸಾಪ್ ಗುಂಪಿನಲ್ಲಿ ನಡೆಯುತ್ತಿತ್ತು. ಸರ್ಕಾರಿ ವಕೀಲರ ಸ್ಥಾನದಲ್ಲಿ ಪಾರ್ಥಸಾರಥಿ ಮಾಮ. ತಲೆಮಾರುಗಳ ಹಿಂದೆ ನಮ್ಮ ಕಡೆಯಿಂದ ಮದ್ರಾಸಿಗೆ ಬಂದ ವೈಷ್ಣವರು, ಬ್ಯಾಂಕಿನಿಂದ ನಿವೃತ್ತರು. ಅವರ ಕನ್ನಡದಲ್ಲಿ ಅರ್ಧ ತಮಿಳು, ಇನ್ನರ್ಧ ಸಿಟ್ಟು. ಶಿಕ್ಷೆ ಜಾರಿ ಮಾಡುವವನು ಎಣ್ಣೂರಿನ ಮುರುಗೇಶನ್, ಬಂದರಿನಲ್ಲಿ ಕೆಲಸ, ಭುಜ ಬಾಗಿಲಿನಷ್ಟು ಅಗಲ. ನ್ಯಾಯಾಧೀಶ ಯಾರಾಗಬೇಕು ಎಂಬ ಪ್ರಶ್ನೆ ಬಂದಾಗ ಮಾಮ ನನ್ನ ಕಡೆ ಬೆರಳು ತೋರಿಸಿದರು.

"ನೀನೇ ಜಡ್ಜಾಗಿ ಇರು ಚಂದ್ರು. ನೀ ವೆಳಿಯೂರ್‌ಕಾರ, ಹೊರಗಿನವ. ನಿನಗೆ ಇಲ್ಲಿ ಮಾಮ ಮಚ್ಚಾನ್ ಅಂತ ಯಾರೂ ಇಲ್ಲೆ. ಪಕ್ಷಪಾತ ಬರಾದು."

ಕಾವೇರಿ ಒಂದನ್ನು ಬಿಟ್ಟು ಉಳಿದೆಲ್ಲ ವಿಷಯಗಳಲ್ಲೂ ನಾನು ನಿಷ್ಪಕ್ಷಪಾತಿ ಎಂದು ಸಭೆ ಒಪ್ಪಿತು. ನಾನು ಅಧಿಕಾರ ಸ್ವೀಕರಿಸಿದೆ.

ಇಲ್ಲಿ ಒಂದು ಸಣ್ಣ ವಿಷಯವಿದೆ. ನನಗೆ ತಮಿಳು ಮಾತಾಡಲು ಬರುತ್ತದೆ. ಓದಲು ಬರುವುದು ಮಾತ್ರ ಬಸ್ಸಿನ ಬೋರ್ಡಿನಷ್ಟು. ಅದೂ ಬಸ್ಸು ನಿಂತಿರಬೇಕು. ತಾಂಬರಂ ಬಸ್ಸು ದೂರದಲ್ಲಿ ಬರುವಾಗ 'ತಾಂ' ಓದಿರುತ್ತೇನೆ, 'ಬರಂ' ಓದುವ ಹೊತ್ತಿಗೆ ಬಸ್ಸು ಹೋಗಿರುತ್ತದೆ. ಹೀಗಾಗಿ ಪೇಪರಿನ ದಪ್ಪಕ್ಷರದ ಶೀರ್ಷಿಕೆಗಳನ್ನು ಕಾಫಿ ಆರುವುದರೊಳಗೆ ಓದಿ ಮುಗಿಸುತ್ತಿದ್ದೆ. ಕೆಳಗಿನ ಸಣ್ಣಕ್ಷರವನ್ನು ನನ್ನ ವಿವೇಚನೆಗೆ ಬಿಟ್ಟಿದ್ದೆ. ಇದನ್ನು ನಾನು ಸಭೆಗೆ ಹೇಳಲಿಲ್ಲ. ಸಭೆಯೂ ಕೇಳಲಿಲ್ಲ.

ಮೊದಮೊದಲು ಸಣ್ಣಪುಟ್ಟ ಕೇಸುಗಳು. ಒಬ್ಬ ವರದಿಗಾರ ಪಂದ್ಯ ನೋಡಲು ಬಂದ ನಟನ ಅಂಗಿಯ ಬಗ್ಗೆಯೇ ಅರ್ಧ ಪುಟ ಬರೆದಿದ್ದ. ಛೀಮಾರಿ ಹಾಕಿದೆ. ಇನ್ನೊಬ್ಬ ಪಂದ್ಯ ಮುಗಿಯುವ ಮೊದಲೇ ನಮ್ಮನ್ನು ಸೋಲಿಸಿದ್ದ. ಆಮೇಲೆ ನಾವು ಸೋತೆವು ನಿಜ, ಆದರೂ ಆತುರ ತಪ್ಪು. ಅವನಿಗೆ ಯಾರೂ ಲೈಕ್ ಒತ್ತಬಾರದೆಂದು ಆಜ್ಞೆ ಮಾಡಿದೆ.

ಆಮೇಲೆ ಬಂದದ್ದು ಸೆಲ್ವಂ ಕೇಸು.

ಸೆಲ್ವಂ ಒಂದು ತಮಿಳು ಪತ್ರಿಕೆಯ ಕ್ರೀಡಾ ವರದಿಗಾರ. ನಮ್ಮ ತಂಡದ ಪ್ರತಿ ಪಂದ್ಯಕ್ಕೂ, ಪ್ರತಿ ಅಭ್ಯಾಸಕ್ಕೂ ಹೋಗುತ್ತಿದ್ದವನು ಅವನೊಬ್ಬನೇ. ಅದೇ ಅವನ ತಪ್ಪು. ಹೋದವನಿಗೆ ಎಲ್ಲ ಕಾಣುತ್ತಿತ್ತು. ಕಂಡಿದ್ದನ್ನು ಬರೆಯುತ್ತಿದ್ದ. ಅವನ ಮುಖವನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ, ಹೆಸರು ಕಂಡರೆ ಸಾಕು ಹೊಟ್ಟೆ ಉರಿಯುತ್ತಿತ್ತು. ಸೀಸನ್ನಿನ ಕೊನೆಯ ಪಂದ್ಯಕ್ಕೆ ಒಂದು ವಾರವಿದ್ದಾಗ ಮಾಮ ಗುಂಪಿಗೆ ಒಂದು ಫೋಟೋ ಕಳಿಸಿದರು. ಸೆಲ್ವಂ ಬರೆದದ್ದರ ಶೀರ್ಷಿಕೆ ಮಾತ್ರ ಕತ್ತರಿಸಿ ತೆಗೆದದ್ದು: 'ಅಣಿಕ್ಕು ಪೂಟ್ಟಾ?' ಅಂದರೆ, ತಂಡಕ್ಕೆ ಬೀಗವೇ?

ಬೆನ್ನಿಗೇ ಮಾಮನ ಫೋನು. "ಪಾತ್ತಿಯಾ ಚಂದ್ರು? ಜೀವಂತ ಇರೋರಿಗೆ ತಿಥಿ ಮಾಡ್ತಾನೆ ಇವನು! ಸುಮ್ನೆ ಬಿಡಕ್ಕೂಡಾದು!"

ನನ್ನ ರಕ್ತ ಕುದಿಯಿತು. ಆ ಪೇಪರು ನಮ್ಮ ಮನೆಗೂ ಬರುತ್ತಿತ್ತು, ಮಗಳು ಮಾನ್ಯಳ ತಮಿಳು ಸುಧಾರಿಸಲಿ ಎಂಬ ನೆಪದಲ್ಲಿ. ತೆರೆದು ನೋಡಿದೆ. ಶೀರ್ಷಿಕೆಯ ಕೆಳಗೆ ಪುಟದ ತುದಿಯವರೆಗೂ ಸಣ್ಣಕ್ಷರ.

ಹೆಂಡತಿ ಶೈಲಜಾ ಪಲ್ಯಕ್ಕೆ ಬೀನ್ಸ್ ಹೆಚ್ಚುತ್ತಿದ್ದಳು. "ರೀ, ಅಷ್ಟುದ್ದ ಬರ್ದವ್ನಲ್ಲ, ಅದೇನು ಅಂತ ಮಾನ್ಯನ್ನ ಕೇಳ್ಬಾರ್ದಾ?"

"ಅನ್ನ ಬೆಂದಿದ್ಯಾ ನೋಡೋಕೆ ಒಂದಗುಳು ಸಾಕು ಕಣೆ."

"ಒಂದಗುಳಾದ್ರೂ ಹಿಚುಕಿ ನೋಡ್ತೀವಲ್ರೀ. ನೀವು ಮುಚ್ಚಳ ನೋಡ್ಕೊಂಡು ಹೇಳ್ತಿದೀರ."

ಆದರೂ ನ್ಯಾಯದ ದೃಷ್ಟಿಯಿಂದ ಮಾನ್ಯಳನ್ನು ಕರೆದೆ. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ತಮಿಳಿನಲ್ಲಿ ಬರುತ್ತದೆ. "ಅಪ್ಪಾ ಪ್ಲೀಸ್, ನಾಳೈಕ್ಕು ಎನಕ್ಕು ಮ್ಯಾತ್ಸ್ ಟೆಸ್ಟ್" ಎಂದು ಬಾಗಿಲು ಹಾಕಿಕೊಂಡಳು. ಸಾಕ್ಷ್ಯ ಪರಿಶೀಲನೆ ಅಲ್ಲಿಗೆ ಮುಗಿಯಿತು.

ತೀರ್ಪು ಪ್ರಕಟಿಸಿದೆ. ಆರೋಪ: ತಂಡದ ಮೇಲೆ ದ್ವೇಷ, ಸುಳ್ಳು ಪ್ರಚಾರ, ಅಪಶಕುನ ನುಡಿಯುವುದು. ಶಿಕ್ಷೆ: ಕೊನೆಯ ಪಂದ್ಯದಲ್ಲಿ ಟಿವಿ ಕ್ಯಾಮರಾಗಳ ಎದುರು ಬ್ಯಾನರ್. ಜೊತೆಗೆ ಪತ್ರಿಕೆಯ ಆಫೀಸಿಗೆ ಎಲ್ಲರೂ ಫೋನ್ ಮಾಡಿ, ಅವನನ್ನು ತೆಗೆಯುವವರೆಗೂ ಪೇಪರು ಕೊಳ್ಳುವುದಿಲ್ಲವೆಂದು ಹೇಳತಕ್ಕದ್ದು.

ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ! ನನ್ನ ಜೀವನದಲ್ಲಿ ನಾನು ಹೇಳಿದ್ದಕ್ಕೆ ಅಷ್ಟು ಜನ ಒಟ್ಟಿಗೆ ತಲೆಯಾಡಿಸಿದ್ದು ಅದೇ ಮೊದಲು.

ಬ್ಯಾನರಿಗೆ ಮುರುಗೇಶನ್ ಬಂದರಿನ ಕಡೆಯಿಂದ ನೀಲಿ ಟಾರ್ಪಾಲು ತಂದ. ಮಳೆ, ಬಿಸಿಲು, ಸಮುದ್ರದ ಗಾಳಿ ಯಾವುದಕ್ಕೂ ಜಗ್ಗದ ಮಾಲು ಎಂದ. ಅದರ ಮೇಲೆ ಬಿಳಿ ಬಣ್ಣದಲ್ಲಿ ತಮಿಳಿನಲ್ಲಿ ಬರೆಸಿದೆವು: 'ಸುಳ್ಳು ಬರೆಯುವ ಸೆಲ್ವಂ, ಹೊರಟು ಹೋಗು!'

ಪಂದ್ಯದ ದಿನ ರೈಲಿನಲ್ಲಿ ಅದನ್ನು ಹೆಣದಂತೆ ಹೊತ್ತುಕೊಂಡು ಹೋದೆವು. ಮೆಟ್ಟಿಲ ಮುಂದಿನ ಕಂಬಿಯ ಮೇಲಿಂದ ಮೈದಾನದ ಕಡೆಗೆ ಬಿಚ್ಚಿ ಇಳಿಬಿಟ್ಟೆವು. ನಾವಿದ್ದದ್ದು ಅದರ ಹಿಂದೆ, ಕಾಣುತ್ತಿದ್ದದ್ದು ಬರೀ ನೀಲಿ. ಎದುರಿನ ಸ್ಟ್ಯಾಂಡಿನವರು ನಗುತ್ತಿದ್ದರು. ಸೆಲ್ವಂಗೆ ಸರಿಯಾಗಿ ಆಯಿತು ಅಂದುಕೊಂಡೆ.

ಅಷ್ಟರಲ್ಲಿ ಕೊರಳಿಗೆ ಪಾಸು ತೂಗುಹಾಕಿಕೊಂಡ ಒಬ್ಬ ಮನುಷ್ಯ ಮೈದಾನದ ಅಂಚಿನಲ್ಲಿ ಓಡೋಡಿ ಬಂದ. ಮುಖದಲ್ಲಿ ಏನೋ ಆಸೆ. ಬ್ಯಾನರಿನ ಮುಂದೆ ನಿಂತು, ತಲೆ ಪೂರ್ತಿ ಬಗ್ಗಿಸಿ ಓದಿದ. ಓದಿ ಮುಗಿಸಿ ಕೊರಳಿನ ಪಾಸನ್ನು ಜೇಬಿಗೆ ತುರುಕಿದ. ಆಮೇಲೆ ಕೂಗಿದ, "ಸಾರ್, ತಲೆಕೀಳಾ ಇರುಕ್ಕು ಸಾರ್!"

ತಲೆಕೆಳಗು! ಸುತ್ತಿದ್ದು ಬಿಚ್ಚುವಾಗ ಕಾಲನ್ನು ತಲೆ ಮಾಡಿ ಕಟ್ಟಿದ್ದೆವು. ಆ ಮಹಾಶಯ ಒಂದು ಕುರ್ಚಿ ಎಳೆದು ಹತ್ತಿ, ಕೆಳಗಿನ ತುದಿಗಳನ್ನು ಒಂದೊಂದಾಗಿ ಮೇಲೆ ಕೊಟ್ಟ. ನಾವು ತಿರುಗಿಸಿ ಕಟ್ಟಿದೆವು. ಸುಕ್ಕಾಗಿದ್ದ ಕಡೆ ಅಂಗೈಯಲ್ಲಿ ಸವರಿ ಸರಿಮಾಡಿದ.

"ವೇರೆ ಬ್ಯಾನರ್ ಇಲ್ಲಿಯಾ ಸಾರ್?" ಎಂದು ಕೇಳಿದ. ಬೇರೆ ಇಲ್ಲವೇ ಎಂದು.

"ಇದೊಂದೇ ಸಾಕು ತಂಬಿ!" ಎಂದು ನಾನು ನಕ್ಕೆ. ಎಷ್ಟು ಒಳ್ಳೆಯ ಹುಡುಗ! "ಥ್ಯಾಂಕ್ಸ್ ಪಾ. ನಿನ್ನ ಹೆಸರೇನು?"

ಅವನು ಬ್ಯಾನರಿನ ನಡುವೆ ಬೆರಳಿಟ್ಟು ತೋರಿಸಿದ. ಕುರ್ಚಿಯನ್ನು ಇದ್ದಲ್ಲೇ ಇಟ್ಟು ಹೋದ.

ಮುರುಗೇಶನ್‌ನ ಭುಜ ಸ್ವಲ್ಪ ಕುಗ್ಗಿತು. ಮಾಮ ಕೆಮ್ಮಿದರು. "ಏನ್ ಧೈರ್ಯ ಪಾರು! ನಮ್ಮನ್ನೇ ವೇವು ಪಾಕ್ಕ ಬಂದಿದ್ದಾನೆ. ಗೂಢಚಾರ!" ಎಂದರು. ನಾನೂ ಹಾಗೇ ತಿಳಿದೆ. ಹಾಗೆ ತಿಳಿಯುವುದು ಆ ಹೊತ್ತಿನಲ್ಲಿ ಬಹಳ ಅನುಕೂಲವಾಗಿತ್ತು.

ಆ ದಿನ ಎದುರಿನ ಗಾಜಿನ ಕೋಣೆಯಲ್ಲಿ ಮಾಲೀಕರು ಕುಳಿತಿದ್ದರು, ಸೀಸನ್ನಿಗೇ ಮೊದಲ ಸಲ. ಪಂದ್ಯದ ಉದ್ದಕ್ಕೂ ನಮ್ಮ ಬ್ಯಾನರು ಅವರ ಮೂಗಿನ ನೇರಕ್ಕೆ ಇತ್ತು. ಸೋತೆವು. ಆಟ ಮುಗಿಯುವ ಮೊದಲೇ ಅವರು ಎದ್ದು ಹೋದರು.

ಫೋನಿನ ಶಿಕ್ಷೆಯೂ ಜಾರಿಯಾಯಿತು. ಮಾಮ ಒಬ್ಬರೇ ದನಿ ಬದಲಿಸಿ ಬದಲಿಸಿ ಮಾಡಿದರು. ತಿಂಗಳು ಕಳೆಯುವುದರೊಳಗೆ ಪೇಪರಿನಿಂದ ಸೆಲ್ವಂ ಹೆಸರು ಹೋಯಿತು, ಹಿಂದೆಯೇ ಫುಟ್‌ಬಾಲ್ ಪುಟವೂ ಹೋಯಿತು. ಆ ಪುಟ ತೆಗೆಯಲು ಪತ್ರಿಕೆಯವರಿಗೆ ಒಂದು ನೆಪ ಬೇಕಿತ್ತಂತೆ. ನೆಪ ನಾವು ಒದಗಿಸಿದೆವು. ನಮ್ಮ ಮನೆಯಲ್ಲಿ ವಿಜಯೋತ್ಸವ ನಡೆಯಿತು. ಶೈಲಜಾ ಬೋಂಡ ಕರಿದಳು, ಆದರೆ ತಾನು ತಿನ್ನಲಿಲ್ಲ. "ಒಬ್ಬನ ಅನ್ನಕ್ಕೆ ಕಲ್ಲು ಹಾಕಿ ಬೋಂಡ ತಿಂತೀರಲ್ಲ" ಎಂದಳು. ನ್ಯಾಯಾಧೀಶರು ಭಾವನೆಗಳಿಗೆ ಬಲಿಯಾಗಬಾರದು. ನಾನು ಇನ್ನೆರಡು ಹಾಕಿಸಿಕೊಂಡೆ.

ಹೊಸ ಸೀಸನ್ ಬಂತು. ಅಭ್ಯಾಸ ಶುರುವಾಗುವ ದಿನ ಕ್ಯಾಪ್ಟನ್ನಿಗೆ ಹಾಕಲು ಗುಲಾಬಿ ಹಾರ ಹಿಡಿದು ಮೂವರೂ ಅಭ್ಯಾಸದ ಮೈದಾನಕ್ಕೆ ಹೋದೆವು. ಗೇಟಿಗೆ ಬೀಗ. ಒಳಗೆ ಮೊಣಕಾಲುದ್ದ ಹುಲ್ಲು. ಎರಡು ಎಮ್ಮೆ ಗೋಲಿನ ಮುಂದೆ ಮೇಯುತ್ತಿದ್ದವು. ನಮ್ಮ ಡಿಫೆನ್ಸಿಗಿಂತ ಗಟ್ಟಿಯಾಗಿ ನಿಂತಿದ್ದವು.

ವಾಚ್‌ಮನ್ ಹೊರಗೆ ಬಂದ. "ಟೀಮಾ? ಟೀಮೇ ಇಲ್ಲ ಸಾರ್ ಈಗ. ಬಿಟ್ಟು ಹೋಗ್ಬಿಟ್ರು" ಎಂದು ತಮಿಳಿನಲ್ಲಿ ಹೇಳಿ, "ಹಾರ ಯಾರಿಗೆ?" ಎಂದು ಕೇಳಿದ.

ಮಾಮ ಉರಿದುಹೋದರು. "ಇಷ್ಟು ದೊಡ್ಡ ವಿಷಯ, ಒಬ್ಬ ರಿಪೋರ್ಟರಾದ್ರೂ ಒಂದು ಲೈನ್ ಬರೆದನಾ? ಎಲ್ಲರೂ ನಿದ್ದೆಯಲ್ಲಿ ತೂಂಗಿಂಡ್ ಇದ್ದಾರಾ? ಕೇಸ್ ಹಾಕು ಚಂದ್ರು!"

ಯಾರ ಮೇಲೆ ಹಾಕುವುದು? ಬರೆಯುವವನು ಒಬ್ಬನಿದ್ದ. ಮುರುಗೇಶನ್ ಹಾರವನ್ನು ಗೇಟಿನ ಬೀಗಕ್ಕೆ ಹಾಕಿದ. ವಾಪಸ್ ಬರುವಾಗ ರೈಲಿನಲ್ಲಿ ನನಗೆ ಅಳು ಬಂತು. ಕನ್ನಡಕ ಒರೆಸುವ ನೆಪ ಮಾಡಿದೆ.

ಮನೆಯಲ್ಲಿ ಶೈಲಜಾ ಸಿಟ್ಟಾಗಲಿಲ್ಲ, ಬೈಯಲೂ ಇಲ್ಲ. ಅಡುಗೆಮನೆಗೆ ಹೋಗಿ, ಉಪ್ಪಿನಕಾಯಿ ಜಾಡಿ ಎತ್ತಿ, ಶೆಲ್ಫಿಗೆ ಹಾಸಿದ್ದ ಪೇಪರನ್ನು ಎಳೆದು ತಂದಳು. ಎಣ್ಣೆಯ ದುಂಡು ಕಲೆಯ ಪಕ್ಕದಲ್ಲೇ 'ಅಣಿಕ್ಕು ಪೂಟ್ಟಾ?' ಇತ್ತು. ಮಾನ್ಯಳಿಗೆ ಅವತ್ತು ಟೆಸ್ಟ್ ಇರಲಿಲ್ಲ. ಓದಿದಳು. ಅವಳು ತಮಿಳಿನಲ್ಲಿ ಓದುತ್ತಾ ಹೋದಂತೆ ನನಗೆ ಕನ್ನಡದಲ್ಲಿ ತಿಳಿಯುತ್ತಾ ಹೋಯಿತು.

'ಈ ಸೀಸನ್ ಮುಗಿದ ಮೇಲೆ ತಂಡವನ್ನು ಕೈಬಿಡಲು ಮಾಲೀಕರು ಯೋಚಿಸುತ್ತಿದ್ದಾರೆ. ಇನ್ನೂ ತೀರ್ಮಾನವಾಗಿಲ್ಲ. ಕೊನೆಯ ಪಂದ್ಯಕ್ಕೆ ಅವರೇ ಬರುತ್ತಿದ್ದಾರೆ. ಈ ತಂಡ ಈ ಊರಿಗೆ ಬೇಕು ಎಂದು ಅವರಿಗೆ ಯಾರೂ ಇದುವರೆಗೆ ಹೇಳಿಲ್ಲ. ಹೇಳಬಲ್ಲವರು ನಾಲ್ಕನೇ ಗೇಟಿನ ಅಭಿಮಾನಿಗಳು. ಅವರಷ್ಟು ಪ್ರೀತಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರು ಒಂದು ಬ್ಯಾನರ್ ಕಟ್ಟಿ, ಹೋಗಬೇಡಿ ಎಂದು ಬರೆದರೆ ಸಾಕು.'

ಮಾನ್ಯ ತಲೆ ಎತ್ತಿದಳು. "ಅಪ್ಪಾ, ನೀಂಗ ಎನ್ನ ಎಳುದಿನೀಂಗ?" ನೀವು ಏನು ಬರೆದಿರಿ ಎಂದು ಕೇಳುತ್ತಿದ್ದಳು.

ನಾನು ಗುಂಪಿನಲ್ಲಿ ಒಂದೇ ಪ್ರಶ್ನೆ ಹಾಕಿದೆ: ಸೆಲ್ವಂ ಬರೆದದ್ದನ್ನು ಅವತ್ತು ಪೂರ್ತಿ ಓದಿದವರು ಯಾರು? ಎಲ್ಲರ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಕೊನೆಗೆ ಮಾಮ ಫೋನ್ ಮಾಡಿದರು. ದನಿ ಇಳಿದಿತ್ತು. "ನೀ ಜಡ್ಜ್ ಅಲ್ಲವಾ ಚಂದ್ರು? ನೀ ಓದಿರ್ತೀಯ ಅಂತ ನಾವು ಯಾರೂ ಓದಲಿಲ್ಲೆ."

ತಮಿಳಿನಲ್ಲೇ ಹುಟ್ಟಿ ಬೆಳೆದ ಅಷ್ಟೂ ಜನ, ತಮಿಳು ಓದಲು ಬಾರದ ಮಂಡ್ಯದವನನ್ನು ನಂಬಿಕೊಂಡು ಕೂತಿದ್ದರು!

ಸೆಲ್ವಂ ನಂಬರ್ ಹುಡುಕಿ ಫೋನ್ ಮಾಡಿದೆ. ನಾಲ್ಕನೇ ಗೇಟು ಎಂದ ತಕ್ಷಣ ಗುರುತು ಹಿಡಿದ. "ಬ್ಯಾನರ್ ಸಾರ್ ತಾನೆ?" ನಾನು ಕ್ಷಮೆ ಕೇಳಿದೆ. ಕೇಳುತ್ತಾ ತೊದಲಿದೆ. ಅವನು ಪರವಾಗಿಲ್ಲ ಎನ್ನಲಿಲ್ಲ. ಈಗ ಏನು ಮಾಡುತ್ತಿದ್ದೀ ಎಂದು ಕೇಳಿದೆ.

ಅವನು ತಮಿಳಿನಲ್ಲಿ ಹೇಳಿದ್ದು ಇಷ್ಟು: "ಶೋಳಿಂಗನಲ್ಲೂರ್ ಕಡೆ ಫ್ಲಾಟ್ ಮಾರುವವರಿಗೆ ಜಾಹೀರಾತು ಬರೀತೀನಿ ಸಾರ್. ಕಿಟಕಿ ತೆಗೆದರೆ ಸಮುದ್ರ, ಬಾಗಿಲು ತೆಗೆದರೆ ತೋಟ ಅಂತ. ಪೂರ್ತಿ ಸುಳ್ಳು. ಈಗ ಯಾರೂ ಬ್ಯಾನರ್ ಕಟ್ಟಲ್ಲ."



ತಂಡ ಹೋಯಿತು, ಸೆಲ್ವಂ ಹೋದ, ನಾಲ್ಕನೇ ಗೇಟಿಗೆ ಹೋಗುವ ಕೆಲಸವೂ ಹೋಯಿತು. ಉಳಿದದ್ದು ಟಾರ್ಪಾಲು. ಮುರುಗೇಶನ್ ಹೇಳಿದ್ದು ನಿಜ, ಏನು ಮಾಡಿದರೂ ಹರಿಯುವುದಿಲ್ಲ. ಮಳೆಗಾಲ ಹತ್ತಿರ ಬಂದಾಗ ಶೈಲಜಾ ಅದನ್ನು ಅಟ್ಟದಿಂದ ಇಳಿಸಿ ನನ್ನ ಸ್ಕೂಟರಿಗೆ ಹೊದಿಸಿದಳು. ಅಕ್ಷರಗಳು ಮೇಲಕ್ಕೆ. ಕೆಳಗಿನ ಮನೆಯ ತಮಿಳಮ್ಮ ಅದನ್ನು ಓದಿ, ಅಯ್ಯೋ, ಯಾರಮ್ಮಾ ಈ ಸೆಲ್ವಂ, ಪಾಪಿ ಏನು ಮಾಡಿದ ಎಂದು ವಿಚಾರಿಸಿದರಂತೆ.

"ಅವ್ನೇನೂ ಮಾಡ್ಲಿಲ್ಲ. ನಮ್ಮನೆಯವ್ರು ಪೇಪರ್ ಓದ್ಲಿಲ್ಲ ಅಷ್ಟೆ ಅಂದೆ" ಎಂದು ಶೈಲಜಾ ನನಗೆ ವರದಿ ಒಪ್ಪಿಸಿದಳು. ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಬರೆದ ಪಂದ್ಯದ ವರದಿಯನ್ನು ನಾನು ಇದುವರೆಗೆ ಓದಿಲ್ಲ.

ಈಗ ಮಾನ್ಯ ನನಗೆ ತಮಿಳು ಓದುವುದು ಕಲಿಸುತ್ತಿದ್ದಾಳೆ. ಬೆಳಿಗ್ಗೆ ಸ್ಕೂಟರಿನ ಹೊದಿಕೆ ತೆಗೆಯುವ ಮೊದಲು ಅದರ ಮೇಲೆ ಬೆರಳಿಟ್ಟು ಒಂದು ಸಲ ಓದಬೇಕು, ಅದು ಅವಳು ಕೊಟ್ಟ ಹೋಮ್‌ವರ್ಕ್. ಈಗ ತಡವರಿಸದೆ ಓದುತ್ತೇನೆ. ನಾನು ಮೊದಲಿಂದ ಕೊನೆಯವರೆಗೆ ಪೂರ್ತಿ ಓದಿದ ಮೊದಲ ತಮಿಳು ವಾಕ್ಯ ಅದೇ!